ಸರಿಯುತ್ತರಕ್ಕೆ ಪುಸ್ತಕ: ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’

ದೂರದರ್ಶನವು ಮಕ್ಕಳ ಓದನ್ನು ಕೆಡಿಸುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ಆದರೆ ಓದನ್ನೇ ಬೆಳೆಸಿದ ಒಂದು ಕಾರ್ಯಕ್ರಮದ ಇತಿಹಾಸವನ್ನು ವಿದ್ಯಾರ್ಥಿಗಳು ತಿಳಿಯಬೇಕು.

ನಮ್ಮ ನಾಡಿಗೆ ಟಿ.ವಿ. ಬಂದದ್ದೇ ಶಿಕ್ಷಣದ ನೆಪದಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಹಳ್ಳಿಗಳಿಗೆ ಕಾರ್ಯಕ್ರಮಗಳು ಬಿತ್ತರವಾದವು. ಆ ಹಳ್ಳಿಗಳಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳವೂ ಸೇರಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಮೀಸಲಾಗಿತ್ತು. ಮುಂದೆ 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. 1990ರ ದಶಕದಲ್ಲಿ ಖಾಸಗಿ ವಾಹಿನಿಗಳು ಬಂದ ಮೇಲೆ ಶಿಕ್ಷಣ ಹಿಂದೆ ಸರಿದು ಮನರಂಜನೆ ಮುಂದೆ ಬಂದಿತು.

2000ರಲ್ಲಿ ಹಿಂದಿಯಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾಗಿ, ರಸಪ್ರಶ್ನೆ ಎಂದರೆ ಕೋಟಿ ರೂಪಾಯಿ ಎಂಬ ಭಾವನೆ ಹುಟ್ಟಿತು. 2002ರ ಜನವರಿಯಲ್ಲಿ ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಬೇರೆ ದಾರಿ ಹಿಡಿಯಿತು. ಇಲ್ಲಿ ಸರಿಯುತ್ತರಕ್ಕೆ ಸಿಗುತ್ತಿದ್ದುದು ಹಣವಲ್ಲ, ಕನ್ನಡ ಪುಸ್ತಕ. ಅದನ್ನು ನಡೆಸಿಕೊಟ್ಟವರು ಡಾ. ನಾ. ಸೋಮೇಶ್ವರ. ವೃತ್ತಿಯಿಂದ ವೈದ್ಯರು, ಆರೋಗ್ಯ, ವಿಜ್ಞಾನಗಳನ್ನು ತಿಳಿಗನ್ನಡದಲ್ಲಿ ಬರೆದ ಲೇಖಕರು. ಉತ್ತರ ತಪ್ಪಿದವರನ್ನು ಹಂಗಿಸದೆ, ಸರಿಯಾದುದನ್ನು ವಿವರಿಸಿ ಮುಂದೆ ಸಾಗುವುದು ಅವರ ರೀತಿ. ಮಕ್ಕಳಿಗಾಗಿಯೇ ರೂಪಿಸಿದ ಕಾರ್ಯಕ್ರಮ ಅದಲ್ಲವಾದರೂ ವಿದ್ಯಾರ್ಥಿಗಳು ಅದನ್ನು ತಮ್ಮದಾಗಿಸಿಕೊಂಡರು. 3,000ಕ್ಕೂ ಹೆಚ್ಚು ಕಂತುಗಳನ್ನು ದಾಟಿದ ಅದು ಲಿಮ್ಕಾ ದಾಖಲೆ ಪುಸ್ತಕದಲ್ಲೂ ಸ್ಥಾನ ಪಡೆಯಿತು.

ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಇದರ ಬೆಲೆ ಇನ್ನೂ ಹೆಚ್ಚು. ಕನ್ನಡದಲ್ಲಿ ಹಿಡಿತವಿಲ್ಲದೆ ಸ್ಪರ್ಧಾ ಪರೀಕ್ಷೆಗಳಲ್ಲಿ ಹಿಂದೆ ಬೀಳುವ ಜಾಣ ಮಕ್ಕಳು ನಮ್ಮಲ್ಲಿ ಇಲ್ಲವೇ? ಶುದ್ಧ, ಸರಳ ಕನ್ನಡವನ್ನು ದಿನವೂ ಕಿವಿಗೆ ಹಾಕಿಕೊಳ್ಳುವುದೇ ಒಂದು ಪಾಠ.

ಹಾಗಾದರೆ ನಮ್ಮ ಊರುಗಳ ಬಗ್ಗೆಯೇ ನಾಲ್ಕು ಪ್ರಶ್ನೆ ಕೇಳೋಣ. 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಗದಗ ತಾಲೂಕಿನ ಹಳ್ಳಿ ಯಾವುದು? ಪಂಪನ ಕಾವ್ಯದಲ್ಲಿ ಬರುವ ಪುಲಿಗೆರೆಗೆ ಇಂದಿನ ಹೆಸರೇನು? ಹಿಂದೂ–ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಶಿರಹಟ್ಟಿಯ ಮಠ ಯಾವುದು? 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿಯ ವೀರ ಯಾರು?

ಕಣಗಿನಹಾಳ, ಲಕ್ಷ್ಮೇಶ್ವರ, ಫಕೀರೇಶ್ವರ ಮಠ, ಭೀಮರಾವ್ ಎಂದು ಥಟ್ಟನೆ ಹೇಳಿದವರು ಎಷ್ಟು ಮಂದಿ? ತಡವರಿಸಿದವರು ನಾಚಬೇಕಾಗಿಲ್ಲ, ಗ್ರಂಥಾಲಯದ ಬಾಗಿಲು ತಟ್ಟಿದರೆ ಸಾಕು. ನಮ್ಮ ವಾರ್ಷಿಕ ಸಮಾರಂಭಗಳಲ್ಲೂ ಸ್ಟೀಲ್ ತಟ್ಟೆ, ಲೋಟಗಳ ಬದಲು ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಪದ್ಧತಿ ಬರಲಿ. ಥಟ್ಟನೆ ಉತ್ತರ ಹೇಳುವವನ ಹಿಂದೆ ನಿಧಾನವಾಗಿ ಓದಿದ ಅನೇಕ ರಾತ್ರಿಗಳಿರುತ್ತವೆ ಎಂಬುದನ್ನು ವಿದ್ಯಾರ್ಥಿ ಮಿತ್ರರು ಮರೆಯಬಾರದು.