ಭಾರ ಹೊರುವ ಗಾಳಿ

ಮುಟ್ಟಳ್ಳಿ, ಹೊನ್ನಾವರ, ಕುಮಟಾ ಕಡೆಯ ರಸ್ತೆಗಳಲ್ಲಿ ಮೀನು, ಚಿರೆಕಲ್ಲು, ಅಡಿಕೆ, ಸಿಮೆಂಟು ತುಂಬಿದ ಪಿಕಪ್ ವಾಹನಗಳನ್ನು ನೀವು ದಿನವೂ ನೋಡುತ್ತೀರಿ. ಅವುಗಳ ಭಾರವನ್ನು ಹೊರುವುದು ಯಾವುದು? ಟೈರು ಎನ್ನುತ್ತೀರಿ. ನಿಜವಾಗಿ ಅದರ ಬಹುಪಾಲನ್ನು ಹೊರುವುದು ಟೈರಿನೊಳಗಿನ ಗಾಳಿ. ಈ ಗಾಳಿಗೊಂದು ಚರಿತ್ರೆಯಿದೆ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಸಿಗದಂತಾಗಿ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಅದು ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು; ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಅದನ್ನು ತರುತ್ತಿದ್ದುದು ಹೇರೆತ್ತುಗಳು ಮತ್ತು ಎತ್ತಿನ ಗಾಡಿಗಳು. ಗಾಲಿಯ ಕಬ್ಬಿಣದ ಪಟ್ಟಿ ಕಿರಿದಾದ ಜಾಗದಲ್ಲಿ ಇಡೀ ಭಾರವನ್ನು ಒತ್ತುತ್ತಿದ್ದುದರಿಂದ ರಸ್ತೆ ಸೀಳುತ್ತಿತ್ತು. ಆದರೆ ಭಾರ ಮಿತಿಮೀರಿದರೆ ಎತ್ತು ನಿಂತುಬಿಡುತ್ತಿತ್ತು. ಮೋಟಾರಿಗೆ ಆ ವಿವೇಕವಿಲ್ಲ.

1888ರಲ್ಲಿ ಗೋವೆಯ ಮುರ್ಮುಗಾವ್ ಬಂದರಿನ ರೈಲು ಮಾರ್ಗ ತೆರೆದು, ಹತ್ತಿ ವ್ಯಾಪಾರ ಕ್ರಮೇಣ ಅತ್ತ ಸರಿಯಿತು. ಅದೇ ವರ್ಷ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ರಾಬರ್ಟ್ ಥಾಮ್ಸನ್ 1845ರಲ್ಲೇ ಇದನ್ನು ಯೋಚಿಸಿದ್ದನು. ಬಳಕೆಗೆ ಬಂದದ್ದು ಡನ್ಲಪ್‌ನ ನಂತರ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಟೈರಿನ ಮೇಲೆ 800 ಕಿಲೋ ಭಾರವಿದೆ. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 4 ಕಿಲೋ, ಅಂದರೆ ಸುಮಾರು 57 ಪೌಂಡು. ಆಗ ಟೈರು ಸುಮಾರು 200 ಚದರ ಸೆಂಟಿಮೀಟರ್ ನೆಲವನ್ನು ಮುಟ್ಟುತ್ತದೆ. ಗಾಳಿ ಅರ್ಧಕ್ಕೆ ಇಳಿದರೆ 400 ಬೇಕು. ಅದಕ್ಕಾಗಿ ಟೈರು ಚಪ್ಪಟೆಯಾಗುತ್ತದೆ, ಪ್ರತಿ ಸುತ್ತಿಗೂ ಅದರ ಪಕ್ಕಗಳು ಬಾಗಿ ನೇರವಾಗುತ್ತವೆ. ತಂತಿಯನ್ನು ಮತ್ತೆಮತ್ತೆ ಬಗ್ಗಿಸಿದರೆ ಬಿಸಿಯಾಗುವಂತೆ ರಬ್ಬರೂ ಕಾಯುತ್ತದೆ. ಕೊನೆಗೆ ಟೈರು ಸಿಡಿಯುತ್ತದೆ. ಹೆಚ್ಚು ಭಾರ ಹೇರಿದರೂ ಆಗುವುದು ಇದೇ. ದೇವಿಮನೆ ಘಟ್ಟದಂಥ ತಿರುವಿನಲ್ಲಿ ಹಾಗಾದರೆ ಚಾಲಕನ ಕೈಯಲ್ಲಿ ಏನೂ ಉಳಿಯದು.

ರಸ್ತೆಗೂ ಪೆಟ್ಟು ಬೀಳುತ್ತದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ಪರೀಕ್ಷೆಯಿಂದ ತಿಳಿದದ್ದು: ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟು.

ಇದಕ್ಕಾಗಿಯೇ ಕಾನೂನು ಇದೆ. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಮು, ನೋಂದಣಿ ಪತ್ರದಲ್ಲಿ ನಮೂದಿಸಿದ ಒಟ್ಟು ತೂಕವನ್ನು ಮೀರಬಾರದೆನ್ನುತ್ತದೆ. 2019ರ ತಿದ್ದುಪಡಿಯಂತೆ ಮೀರಿದರೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000.

ಗಾಳಿಯನ್ನು ಕಾಯಲು ಯಂತ್ರವೂ ಬಂದಿದೆ. ಟೈರು ಕಳಚಿ ಅನೇಕರು ಸತ್ತ ಮೇಲೆ ಅಮೆರಿಕವು 2000ದಲ್ಲಿ ಕಾಯ್ದೆ ಮಾಡಿ, 2007ರ ಹೊತ್ತಿಗೆ ಹೊಸ ಲಘು ವಾಹನಗಳಲ್ಲಿ ಒತ್ತಡ ಸೂಚಕವನ್ನು ಕಡ್ಡಾಯ ಮಾಡಿತು. ಒತ್ತಡ ನಿಗದಿಗಿಂತ ಶೇಕಡಾ 25ರಷ್ಟು ಇಳಿದರೆ ಚಾಲಕನ ಮುಂದೆ ದೀಪ ಹೊತ್ತುತ್ತದೆ. ಆದರೆ ಆ ದೀಪಕ್ಕೆ ಭಾರ ತಿಳಿಯದು. ಗಾಳಿ ಸರಿಯಾಗಿದ್ದು ಹೇರು ಹೆಚ್ಚಾಗಿದ್ದರೆ ಅದು ಸುಮ್ಮನಿರುತ್ತದೆ.

ನಿಮ್ಮ ಮನೆಯಲ್ಲಿ ಪಿಕಪ್ ಇದ್ದರೆ ಟೈರಿನ ಪಕ್ಕವನ್ನು ಓದಿ. ಅಳತೆಯ ನಂತರ 100 ಎಂಬ ಅಂಕೆಯಿದ್ದರೆ ಆ ಟೈರಿನ ಮಿತಿ 800 ಕಿಲೋ. ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ ಗೇಜು ಹಿಡಿಯಿರಿ. ನೋಂದಣಿ ಪತ್ರದ ತೂಕವನ್ನೂ ನೋಡಿ. ಎತ್ತು ತಾನೇ ಹೇಳುತ್ತಿದ್ದ ‘ಸಾಕು’ ಎಂಬ ಮಾತನ್ನು ಈಗ ಹೇಳಬೇಕಾದವರು ನಾವು.