ವಿಸ್ತರಣಾ ಸ್ಲಾಟ್ ಮತ್ತು ಕನ್ನಡ ಲಿಪಿಯ ಗಣಕಪ್ರವೇಶ: ಜಿಸ್ಟ್ ಕಾರ್ಡನ್ನು ಕುರಿತು ಒಂದು ವಿವೇಚನೆ

ಸವಣೂರು ತಾಲ್ಲೂಕಿನ ಯಲವಿಗಿಯ ಹೆಸರನ್ನು ಬರೆಯಲು ನಾಲ್ಕು ಅಕ್ಷರಗಳು ಬೇಕು. ನೆರೆಯ ಶಿಗ್ಗಾಂವಿಗಾದರೋ ಮೂರೇ ಸಾಕು. ಗಣಕಯಂತ್ರದ ಲೆಕ್ಕದಲ್ಲಿ ಈ ಪ್ರಮಾಣವು ವಿಪರ್ಯಸ್ತವಾಗುತ್ತದೆ: ಯಲವಿಗಿಗೆ ಆರು ಸಂಕೇತಗಳಾದರೆ, ಒತ್ತು, ದೀರ್ಘ, ಅನುಸ್ವಾರಗಳೆಲ್ಲವನ್ನೂ ನಡುವಣ ಒಂದೇ ಅಕ್ಷರದಲ್ಲಿ ಧರಿಸಿರುವ ಶಿಗ್ಗಾಂವಿಗೆ ಒಂಬತ್ತು. ಕನ್ನಡವು ಗಣಕವನ್ನು ಪ್ರವೇಶಿಸಿದಾಗ ಎದುರಾದ ಮೂಲ ಸಮಸ್ಯೆಯು ಇದೇ ಆಗಿದ್ದಿತು.

1981ರಲ್ಲಿ ಬಂದ ಐಬಿಎಂ ಪಿಸಿಯು ಅಕ್ಷರಗಳನ್ನು ತೋರಿಸುತ್ತಿದ್ದ ಕ್ರಮ ಸರಳವಾದದ್ದು: ಪರದೆಯ ಮೇಲೆ 25 ಸಾಲು, ಸಾಲಿಗೆ 80 ಮನೆ, ಪ್ರತಿಯೊಂದು ಮನೆಗೂ ಒಂದು ಸಂಕೇತ, ಆ ಸಂಕೇತಕ್ಕೆ ಚಿಪ್ಪಿನಲ್ಲಿ ಮೊದಲೇ ಕೊರೆದಿಟ್ಟ 256 ಆಕೃತಿಗಳಲ್ಲಿ ಒಂದು. ಒತ್ತಕ್ಷರಕ್ಕೆ ಅಲ್ಲಿ ಎಡೆಯಿಲ್ಲ. ಆದರೆ ಅದೇ ಯಂತ್ರದ ಮದರ್‌ಬೋರ್ಡಿನಲ್ಲಿ 62 ಸಂಪರ್ಕಬಿಂದುಗಳ ಐದು ಸ್ಲಾಟುಗಳಿದ್ದುವು. ಅವುಗಳ ವಿದ್ಯುನ್ಮಂಡಲದ ನಕ್ಷೆಯನ್ನು ತಯಾರಕರೇ ಪ್ರಕಟಿಸಿದ್ದುದರಿಂದ, ಯಾರ ಅಪ್ಪಣೆಯನ್ನೂ ಬೇಡದೆ ಅವುಗಳಿಗೆ ಹೊಂದುವ ಕಾರ್ಡನ್ನು ರಚಿಸುವುದು ಎಲ್ಲರಿಗೂ ಸಾಧ್ಯವಾಯಿತು. ಕನ್ನಡದ ಪಾಲಿಗೆ ಈ ಮುಕ್ತತೆಯೇ ನಿರ್ಣಾಯಕವಾಯಿತೆಂಬುದು ನನ್ನ ಅಭಿಪ್ರಾಯ.

ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ದೇವನಾಗರಿಯಿಂದ ಆರಂಭವಾಗಿ, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ಪ್ರಯತ್ನದ ಫಲವೇ ಜಿಸ್ಟ್ ಕಾರ್ಡು. ಇದನ್ನು ಸ್ಲಾಟಿನಲ್ಲಿ ಕೂರಿಸಿದೊಡನೆ, ಇಂಗ್ಲಿಷಿಗೆಂದೇ ಬರೆದ ಡಿಬೇಸ್, ವರ್ಡ್‌ಸ್ಟಾರ್‌ಗಳಂತಹ ತಂತ್ರಾಂಶಗಳಲ್ಲಿಯೂ, ಅವುಗಳ ಒಂದು ಪಂಕ್ತಿಯನ್ನೂ ತಿದ್ದದೆ, ಕನ್ನಡವು ಮೂಡುತ್ತಿದ್ದಿತು. ತಂತ್ರಾಂಶವು ಸಂಕೇತಗಳನ್ನಷ್ಟೇ ಬಲ್ಲದು, ಅವುಗಳನ್ನು ಕೂಡಿಸಿ ಅಕ್ಷರವಾಗಿ ರೂಪಿಸುವ ಹೊಣೆ ಕಾರ್ಡಿನದು. ಇದಕ್ಕೆ ಆಧಾರವಾದ ಇಸ್ಕಿ ಸಂಕೇತವ್ಯವಸ್ಥೆಯು 1991ರಲ್ಲಿ ಐಎಸ್ 13194 ಎಂಬ ರಾಷ್ಟ್ರೀಯ ಮಾನಕವಾಯಿತು. ಬ್ರಾಹ್ಮೀಮೂಲದ ಪ್ರಮುಖ ಭಾರತೀಯ ಲಿಪಿಗಳಿಗೆ ಅದರಲ್ಲಿ ಒಂದೇ ಸಂಕೇತಮಾಲೆ. ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ಅಲ್ಲಿ ಭೇದವಿಲ್ಲ. ನಮ್ಮ ವರ್ಣಮಾಲೆಗಳ ಏಕಮೂಲತ್ವವನ್ನು ಯಂತ್ರಕ್ಕೆ ಬೋಧಿಸಿದ ಈ ಕಾರ್ಯವನ್ನು ಭಾಷಾವಿದ್ವಾಂಸರು ಇನ್ನೂ ಆದರದಿಂದ ಕಾಣಬೇಕಾಗಿತ್ತು.

ಸ್ಲಾಟುಗಳು ಬದಲಾದುವು. 1992ರಲ್ಲಿ ಪಿಸಿಐ, 2003ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದು, ಐಬಿಎಂ ಪಿಸಿಯಿಂದ ಬಂದ, ಐಎಸ್ಎ ಎನಿಸಿದ ಹಳೆಯ ಸ್ಲಾಟು ಮರೆಯಾಯಿತು, ಲ್ಯಾಪ್‌ಟಾಪಿನಲ್ಲಂತೂ 85.6 ಮಿಲಿಮೀಟರ್ ಉದ್ದ, 54 ಮಿಲಿಮೀಟರ್ ಅಗಲದ ಪಿಸಿ ಕಾರ್ಡಿಗೆ ಮಾತ್ರ ಎಡೆಯಿದ್ದಿತು. ಅಷ್ಟರಲ್ಲಿ ಅಕ್ಷರಸಂಯೋಜನೆಯ ಕಾರ್ಯವೂ ತಂತ್ರಾಂಶದ ವಶಕ್ಕೆ ಬಂದಿದ್ದಿತು. ಆದರೆ 1991ರ ಯೂನಿಕೋಡ್ ಕನ್ನಡಕ್ಕೆ ಕೊಟ್ಟ ಸ್ಥಾನಗಳ ವಿನ್ಯಾಸವನ್ನು 1988ರ ಇಸ್ಕಿಯಿಂದಲೇ ಪಡೆದುದರಿಂದ, ಇಂದು ಯಲವಿಗಿಯ ರೈತನ ಮೊಬೈಲಿನಲ್ಲಿ ಮೂಡುವ ಊರಿನ ಹೆಸರಿನಲ್ಲಿಯೂ ಆ ಕ್ರಮವೇ ನೆಲೆಸಿದೆ.

ಹಳೆಯ ಗಣಕಗಳನ್ನು ಗುಜರಿಗೆ ಹಾಕುವ ಕಚೇರಿಗಳೂ ಮುದ್ರಣಾಲಯಗಳೂ ಒಮ್ಮೆ ಅವುಗಳ ಪೆಟ್ಟಿಗೆಯನ್ನು ತೆರೆದು ನೋಡಿ, ಜಿಸ್ಟ್ ಕಾರ್ಡು ದೊರೆತಲ್ಲಿ ಅದನ್ನೂ, ಅದರೊಡನೆ ಬಂದ ಕೈಪಿಡಿ, ಫ್ಲಾಪಿಗಳನ್ನೂ ಕಾದಿರಿಸಬೇಕು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯವಾಗಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಾಗಲಿ ಅವುಗಳ ಸಂಗ್ರಹಕ್ಕೆ ಮುಂದಾಗಬೇಕೆಂದು ವಿನಂತಿ.