ಚೀನೀ ತಟ್ಟೆಯ ಜಾಡು ಹಿಡಿದು...

ಪತ್ತೇದಾರಿ ಕಾದಂಬರಿಯ ರುಚಿ ಹತ್ತದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದ ತಲೆಮಾರು ನಮ್ಮ ಕೇಳುಗರಲ್ಲೂ ಇದೆ. ಇಂಗ್ಲಿಷಿನಲ್ಲಿ ಈ ಕಥೆಗಳದೇ ಒಂದು ಕವಲು ಇದೆ. ಅಲ್ಲಿ ಹಳೇ ವಸ್ತುಗಳ ವ್ಯಾಪಾರಿಯೇ ನಾಯಕ. ಅವನ ಅಂಗಡಿಗೆ ಒಂದು ಚೀನೀ ಹೂಜಿಯೋ ಜೇಡ್ ಕಲ್ಲಿನ ಬೊಂಬೆಯೋ ಬರುತ್ತದೆ, ಅದರ ಹಿಂದೆಯೇ ಒಂದು ಕೊಲೆ! ಜೊನಾಥನ್ ಗ್ಯಾಶ್ ಸೃಷ್ಟಿಸಿದ ಲವ್‌ಜಾಯ್ ಇಂಥ ವ್ಯಾಪಾರಿ. ಅಸಲಿ ವಸ್ತು ಎದುರಿಗೆ ಬಂದರೆ ಅವನ ಮೈಗೇ ಗೊತ್ತಾಗುತ್ತದೆ. ಭಾರತದಲ್ಲೂ ಕೆಲವು ಕಾಲ ಕೆಲಸ ಮಾಡಿದ್ದ ಡಚ್ ರಾಜತಾಂತ್ರಿಕ ರಾಬರ್ಟ್ ವಾನ್ ಗುಲಿಕ್ ಅವರಂತೂ ಟಾಂಗ್ ರಾಜರ ಕಾಲದ ನ್ಯಾಯಾಧೀಶನೊಬ್ಬನನ್ನೇ ಪತ್ತೇದಾರನನ್ನಾಗಿ ಮಾಡಿ ಕಾದಂಬರಿಗಳ ಸಾಲನ್ನೇ ಬರೆದರು.

ಹೈದರಾಬಾದಿನಲ್ಲಿರುವ ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಮೂಸಿ ನದಿಯ ದಂಡೆಯಲ್ಲಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವಿದೆ. ಅದರ ಚೀನೀ ಪಿಂಗಾಣಿಯ ಗಾಜಿನ ಕಪಾಟುಗಳೆದುರು ನಿಂತರೆ ಸಾಕು, ಒಂದಲ್ಲ, ಸಾಲುಸಾಲು ಒಗಟುಗಳು ಕಣ್ಣೆದುರಿಗೆ ಬರುತ್ತವೆ.

ಮೊದಲ ಒಗಟು ವಿಷದ್ದು. ಎಳೆ ಹಸಿರು ಬಣ್ಣದ, ಹೊಳಪು ಮೈಯ ದಪ್ಪ ತಟ್ಟೆಗಳನ್ನು ನೀವು ನೋಡಿರಬಹುದು. ಸೆಲಡಾನ್ ಎಂದು ಅವುಗಳ ಹೆಸರು. ಚೀನಾದ ಲೋಂಗ್‌ಚುವಾನ್ ಕುಲುಮೆಗಳು ಇವಕ್ಕೆ ಹೆಸರುವಾಸಿ. ನಮ್ಮ ಸುಲ್ತಾನರ, ನವಾಬರ ಮನೆಗಳಲ್ಲಿ ಇವನ್ನು ಘೋರಿ ತಟ್ಟೆ ಎಂದು ಕರೆಯುತ್ತಿದ್ದರು. ವಿಷ ಬೆರೆತ ಅಡುಗೆ ಬಡಿಸಿದರೆ ತಟ್ಟೆ ಬಣ್ಣ ಬದಲಿಸುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ ಎಂಬ ನಂಬಿಕೆ ಇತ್ತು. ಅಣ್ಣ-ತಮ್ಮಂದಿರೇ ಗದ್ದುಗೆಗಾಗಿ ಹೊಂಚು ಹಾಕುತ್ತಿದ್ದ ಕಾಲ. ಆ ನಂಬಿಕೆಗೆ ಬೆಲೆ ಇಲ್ಲದೆ ಇರುತ್ತದೆಯೇ? ನಿಜ ಸಂಗತಿ ಬೇರೆ. ಆ ಹಸಿರು ಬರುವುದು ಮೆರುಗಿನಲ್ಲಿರುವ ಸ್ವಲ್ಪವೇ ಕಬ್ಬಿಣದ ಅಂಶದಿಂದ, ಗಾಳಿ ಕಡಿಮೆ ಮಾಡಿ ಉರಿಸಿದ ಕುಲುಮೆಯ ಬೆಂಕಿಯಿಂದ. ವಿಷವನ್ನು ಗುರುತಿಸುವ ಗುಣ ಅದಕ್ಕಿಲ್ಲ. ಆದರೆ ಆ ಮಾತು ಮಾತ್ರ ತಟ್ಟೆಯ ಬೆಲೆಯನ್ನು ಏರಿಸುತ್ತಲೇ ಹೋಯಿತು. ಒಳ್ಳೆಯ ಕಥೆ ಜೊತೆಗಿದ್ದರೆ ವ್ಯಾಪಾರಿಗೆ ಬೇರೆ ಬಂಡವಾಳ ಬೇಕೇ?

ಎರಡನೆಯ ಒಗಟು ಮುದ್ರೆಯದು. ಬಿಳಿ ಮೈಯ ಮೇಲೆ ನೀಲಿ ಚಿತ್ರವಿರುವ ಪಾತ್ರೆಯನ್ನು ಮಗುಚಿ ನೋಡಿದರೆ ತಳದಲ್ಲಿ ಅನೇಕ ಸಲ ಆರು ಚೀನೀ ಅಕ್ಷರಗಳಿರುತ್ತವೆ. ಯಾವ ವಂಶದ, ಯಾವ ಚಕ್ರವರ್ತಿಯ ಆಳ್ವಿಕೆಯಲ್ಲಿ ಮಾಡಿದ್ದು ಎಂದು ಅವು ಹೇಳುತ್ತವೆ. ಹಾಗಾದರೆ ಕೇಸು ಅಲ್ಲಿಗೇ ಮುಗಿಯಿತಲ್ಲ ಎನ್ನುತ್ತೀರಾ? ತಡೆಯಿರಿ. 1661ರಿಂದ 1722ರವರೆಗೆ ಆಳಿದ ಕಾಂಗ್‌ಶಿ ಚಕ್ರವರ್ತಿಯ ಕಾಲದ ಕುಶಲಕರ್ಮಿಗಳು ತಮ್ಮ ಪಾತ್ರೆಗಳ ತಳದಲ್ಲಿ ಇನ್ನೂರು ವರ್ಷ ಹಿಂದಿನ ಮಿಂಗ್ ಚಕ್ರವರ್ತಿಗಳ ಹೆಸರನ್ನು ಬರೆಯುತ್ತಿದ್ದರು. ಹಿರಿಯರ ಮೇಲಿನ ಗೌರವದಿಂದ ಬರೆದದ್ದೂ ಉಂಟು, ಗಿರಾಕಿಯ ಕಣ್ಣಿಗೆ ಮಣ್ಣೆರಚಲು ಬರೆದದ್ದೂ ಉಂಟು. ಹೀಗಾಗಿ ಬಲ್ಲವರು ಮುದ್ರೆಯನ್ನು ಕೊನೆಗೆ ನೋಡುತ್ತಾರೆ. ಮೊದಲು ತಳದ ಅಂಚನ್ನು ಬೆರಳಿನಿಂದ ಸವರುತ್ತಾರೆ, ಮೆರುಗಿನ ದಪ್ಪ ನೋಡುತ್ತಾರೆ, ನೀಲಿಯ ಆಳ ನೋಡುತ್ತಾರೆ. ಸಾಕ್ಷಿ ಬಾಯಿಬಿಟ್ಟು ಹೇಳಿದ್ದಕ್ಕಿಂತ ಅದರ ಮೈ ಹೇಳುವುದೇ ಹೆಚ್ಚು.

ಈಗ ನಮ್ಮ ಕಥಾನಾಯಕನಿಗೆ ಬರೋಣ. ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ಹುಟ್ಟಿದ್ದು 1889ರಲ್ಲಿ. 1912ರಿಂದ 1914ರವರೆಗೆ ನಿಜಾಮರ ದಿವಾನರಾಗಿದ್ದರು. ಆ ಹುದ್ದೆ ಬಿಟ್ಟ ಮೇಲೆ ಉಳಿದ ಆಯುಷ್ಯವನ್ನೆಲ್ಲ ಕಲಾವಸ್ತುಗಳಿಗೇ ಕೊಟ್ಟರು. ಮದುವೆಯಾಗಲಿಲ್ಲ. ಅವರ ಗೀಳಿನ ಸುದ್ದಿ ಹರಡಿದ್ದೇ ತಡ, ನಾನಾ ಕಡೆಯ ವ್ಯಾಪಾರಿಗಳು ಪೆಟ್ಟಿಗೆ ಕಟ್ಟಿಕೊಂಡು ಹೈದರಾಬಾದಿನ ದಿವಾನ್ ದೇವಡಿಗೆ ಬರತೊಡಗಿದರು. ಪರದೇಶಗಳಲ್ಲಿಯೂ ಅವರ ಪರವಾಗಿ ಕೊಳ್ಳುವವರಿದ್ದರು. 1949ರ ಮಾರ್ಚ್ 2ರಂದು ಅವರು ತೀರಿಕೊಂಡಾಗ ಆ ದೇವಡಿಯಲ್ಲಿ ರಾಶಿ ಬಿದ್ದಿದ್ದ ಕಲಾವಸ್ತುಗಳು 40,000ಕ್ಕೂ ಹೆಚ್ಚು. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಅಲ್ಲಿಯೇ ಸಂಗ್ರಹಾಲಯವನ್ನು ಉದ್ಘಾಟಿಸಿದರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿತು. ಈಗಿನ ಕಟ್ಟಡಕ್ಕೆ ಅದು ಬಂದದ್ದು 1968ರಲ್ಲಿ.

ಇಲ್ಲಿ ಒಂದು ಕಳ್ಳತನದ ಕಥೆ ಹೇಳಲೇಬೇಕು. ಅದು ನಡೆದದ್ದು ಸಾಲಾರ್ ಜಂಗ್‌ನಲ್ಲಲ್ಲ, ಹತ್ತಿರದ ಪುರಾನಿ ಹವೇಲಿಯಲ್ಲಿರುವ ನಿಜಾಮರ ವಸ್ತುಸಂಗ್ರಹಾಲಯದಲ್ಲಿ. 2018ರ ಸೆಪ್ಟೆಂಬರ್ ಮೊದಲ ವಾರ, ರಾತ್ರಿ ಗಾಳಿಕಿಂಡಿಯಿಂದ ಹಗ್ಗ ಇಳಿಬಿಟ್ಟು ಒಳಗಿಳಿದ ಕಳ್ಳರು ರತ್ನ ಕೂರಿಸಿದ ಚಿನ್ನದ ಟಿಫಿನ್ ಡಬ್ಬಿ, ಕಪ್ಪು-ಸಾಸರು, ಚಮಚ ಹೊತ್ತೊಯ್ದರು. ಮುಂಬೈವರೆಗೂ ಹೋಗಿ ಬಂದರು. ಕೊಳ್ಳುವವರು ಮಾತ್ರ ಸಿಗಲಿಲ್ಲ! ಸುಮಾರು ಹತ್ತು ದಿನದಲ್ಲಿ ಪೊಲೀಸರು ಇಬ್ಬರನ್ನು ಹಿಡಿದರು. ಡಬ್ಬಿ ವಾಪಸ್ ಬಂತು. ಆ ಡಬ್ಬಿ ಯಾರದು, ಎಲ್ಲಿಯದು, ಹೇಗಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅದೇ ಅದನ್ನು ಕಾಪಾಡಿತು. ಫೋಟೋ ಇಲ್ಲದ, ದಾಖಲೆ ಇಲ್ಲದ ವಸ್ತುವಾಗಿದ್ದರೆ ಕೈಯಿಂದ ಕೈಗೆ ದಾಟಿ ಮಾಯವಾಗುತ್ತಿತ್ತು. ನಮ್ಮ ದೇಶದ 1972ರ ಪುರಾವಸ್ತು ಕಾಯಿದೆ ವ್ಯಾಪಾರಿಗೆ ಪರವಾನಗಿ ಬೇಕು ಎನ್ನುವುದು, ಗೊತ್ತುಪಡಿಸಿದ ಪುರಾವಸ್ತುಗಳನ್ನು ನೋಂದಾಯಿಸಬೇಕು ಎನ್ನುವುದು ಇದಕ್ಕಾಗಿಯೇ. ಬೀಗಕ್ಕಿಂತ ದಾಖಲೆ ಗಟ್ಟಿ.

ಇನ್ನು ಕೊನೆಯ ಒಗಟು. ಅದು ಕನ್ನಡಿಗರಾದ ನಮ್ಮದೇ. ಕಾದಂಬರಿಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಯಾರು ಕದ್ದರು? ನಾವು ಇನ್ನೊಂದು ಪ್ರಶ್ನೆ ಕೇಳೋಣ: ದುಡ್ಡು ಎಲ್ಲಿಂದ ಬಂತು? ಸಾಲಾರ್ ಜಂಗ್ ಮನೆತನ ದೊಡ್ಡ ಜಹಗೀರಿನ ಒಡೆತನ ಹೊಂದಿತ್ತು. ಅದರಲ್ಲಿ ನಮ್ಮ ಕೊಪ್ಪಳ, ಯಲಬುರ್ಗಾ ಸೀಮೆಗಳೂ ಸೇರಿದ್ದವು. ಮಳೆ ನಂಬಿ ಜೋಳ ಬಿತ್ತುತ್ತಿದ್ದ ರೈತ ಕಟ್ಟಿದ ಕಂದಾಯ ಹೈದರಾಬಾದಿನ ದೇವಡಿಗೆ ಹೋಗುತ್ತಿತ್ತು. ಜಹಗೀರುಗಳು ರದ್ದಾದದ್ದು 1949ರಲ್ಲಿ, ಜಹಗೀರುದಾರರು ತೀರಿಕೊಂಡ ವರ್ಷವೇ. 1956ರಲ್ಲಿ ಕೊಪ್ಪಳ ರಾಯಚೂರಿನೊಂದಿಗೆ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಚೀನೀ ಹೂಜಿಗಳು ಇಲ್ಲಿಯೇ ಉಳಿದವು. ಯಾವ ಹೂಜಿಗೆ ಯಾವ ಊರಿನ ಕಂದಾಯ ಎಂದು ಲೆಕ್ಕ ಹಾಕುವುದು ಆಗದ ಮಾತು. ಆದರೆ ಆ ಸಂಪತ್ತಿನಲ್ಲಿ ಕೊಪ್ಪಳದ ಹೊಲದ ಪಾಲೂ ಇದೆ ಎನ್ನುವುದಕ್ಕೆ ಅನುಮಾನ ಬೇಡ.

ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ ಓದುಗರೇ. ಅನೇಕ ಜಹಗೀರುದಾರರ ಹಣ ಏನಾಯಿತೋ, ಗುರುತೂ ಇಲ್ಲ. ಇವರ ಹಣ ಎಲ್ಲರೂ ನೋಡಬಹುದಾದ ಸಂಗ್ರಹವಾಗಿ ಉಳಿಯಿತು, ಅದು ದೊಡ್ಡದೇ. ಆದರೂ ಅದೇ ಯಲಬುರ್ಗಾ ಸೀಮೆಯ ಇಟಗಿಯ ಮಹಾದೇವ ದೇವಾಲಯವನ್ನು ನೆನೆಯಿರಿ. ಅದನ್ನು ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, ವರ್ಷ 1112. ನಮಗೆ ಹೇಗೆ ಗೊತ್ತು? ಅಲ್ಲಿಯ ಕಲ್ಲಿನ ಮೇಲೆ ಶಾಸನವಿದೆ! ಒಂಬೈನೂರು ವರ್ಷ ಹಿಂದಿನ ನಮ್ಮ ಹಿರಿಯರು ಒಂದು ಕೆಲಸ ಮಾಡಿದರೆ ಯಾರು, ಯಾವಾಗ, ಯಾರ ಆಳ್ವಿಕೆಯಲ್ಲಿ ಮಾಡಿಸಿದರು ಎಂದು ಬರೆದಿಟ್ಟರು. ನೂರು ವರ್ಷದ ಹಿಂದೆ ದೇವಡಿಯ ಬಾಗಿಲಿಗೆ ಬಂದ ಹೂಜಿಗೆ ಅಂಥ ಶಾಸನವಿಲ್ಲ. ಅದನ್ನು ಬರೆಯಬೇಕಾದವರು ಅದನ್ನು ನೋಡುವ ನಾವೇ.

ಬೆಂಗಳೂರಿನಿಂದಲೋ ಕಲಬುರಗಿಯಿಂದಲೋ ನೆಂಟರು ಬಂದಾಗ ಅವರನ್ನು ಸಾಲಾರ್ ಜಂಗ್‌ಗೆ ಕರೆದುಕೊಂಡು ಹೋಗುವುದು ನಮ್ಮೆಲ್ಲರ ರೂಢಿ. ಗಂಟೆ ಬಾರಿಸುವ ಗೊಂಬೆಯ ಗಡಿಯಾರ, ಮುಸುಕಿನ ರೆಬೆಕಾ ನೋಡಿದ ಮೇಲೆ ಎಲ್ಲರ ಕಾಲೂ ಸೋತಿರುತ್ತದೆ. ಈ ಸಲ ಮಾತ್ರ ಚೀನೀ ಕೋಣೆಗೂ ಹತ್ತು ನಿಮಿಷ ಇಡಿ. ಶುಕ್ರವಾರ ರಜೆ, ನೆನಪಿರಲಿ. ಆ ಹಸಿರು ತಟ್ಟೆಯ ಮುಂದೆ ನಿಂತು ಜೊತೆಯ ಮಕ್ಕಳಿಗೆ ವಿಷದ ಕಥೆ ಹೇಳಿ, ಅವರ ಕಣ್ಣರಳಲಿ. ಆಮೇಲೆ ಕೊಪ್ಪಳದ ಜೋಳದ ಕಥೆಯನ್ನೂ ಹೇಳಿ.